ಮೂರು ಕಾಲಿನ ಮೊಲ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂದು ಸಾಧಿಸುವವರನ್ನು ಕಂಡು ನಗುವುದು ನಮ್ಮಲ್ಲಿ ಹಳೆಯ ವಾಡಿಕೆ. ನಾನೂ ನಕ್ಕವರಲ್ಲಿ ಒಬ್ಬ. ಕಳೆದ ಬೇಸಗೆಯ ರಜೆಯಲ್ಲಿ ನಿಜವಾಗಿಯೂ ಮೂರೇ ಕಾಲುಳ್ಳ ಪ್ರಾಣಿಯೊಂದು ನನ್ನ ಕೈಗೆ ಸಿಕ್ಕಿತು. ಅದರ ಹೆಸರು ಟ್ರಾನ್ಸಿಸ್ಟರು. ಅದಕ್ಕೆ ಮೂರು ಕಾಲೆಂಬುದರಲ್ಲಿ ಯಾರಿಗೂ ವಿವಾದವಿಲ್ಲ. ಆ ಮೂರರಲ್ಲಿ ಯಾವುದು ಯಾವುದೆಂಬ ವಿಷಯದಲ್ಲಿ ಮಾತ್ರ ನಾನು ನೋಡದೆಯೇ ಹಟ ಹಿಡಿದೆ. ಹಟ ಹಿಡಿದವರಿಗೆ ಆಗಬೇಕಾದುದೇ ನನಗೂ ಆಯಿತು. ಆ ಕಥೆಯನ್ನು ಇಲ್ಲಿ ಹೇಳಹೊರಟಿರುವುದು ನನ್ನ ಮೂರ್ಖತನವನ್ನು ಮೆರೆಸುವುದಕ್ಕಲ್ಲ. ನಮ್ಮ ವಿದ್ಯಾಭ್ಯಾಸದಲ್ಲಿ ಒಂದು ಕೊರತೆಯಿದೆಯೆಂದು ನನಗೆ ಬಹಳ ದಿನಗಳಿಂದ ತೋರುತ್ತಿತ್ತು. ಅದು ಏನೆಂಬುದನ್ನು ಈ ಪ್ರಸಂಗ ಸ್ಪಷ್ಟಪಡಿಸಿತು.

ನನ್ನ ಸೋದರಮಾವ 1970ರ ದಶಕದ ಕೊನೆಯಲ್ಲಿ ಮೈಸೂರಿನ ಒಂದು ವಾದ್ಯವೃಂದದಲ್ಲಿ ಗಿಟಾರು ನುಡಿಸುತ್ತಿದ್ದರು. ಗಣೇಶೋತ್ಸವದ ಚಪ್ಪರಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ ಚಿತ್ರಗೀತೆಗಳನ್ನು ಹಾಡಿಸುತ್ತಿದ್ದ ಅಂಥ ತಂಡಗಳು ಆಗ ಊರೂರಿಗೂ ಇದ್ದುವು. ತಂಡ ಚದುರಿತು, ಹಾಡುವವರಲ್ಲಿ ಕೆಲವರು ತೀರಿಕೊಂಡರು. ಉಳಿದದ್ದು ಒಂದು ಗಿಟಾರು ಮತ್ತು ಮುಂಬಯಿಯಿಂದ ಕೊಂಡುತಂದಿದ್ದ ಜಪಾನಿನ ಒಂದು ಆಂಪ್ಲಿಫೈಯರು. ಕಪ್ಪು ರೆಕ್ಸಿನ್ ಹೊದಿಸಿದ, ಒಬ್ಬರೇ ಎತ್ತಲಾರದ ಭಾರದ ಪೆಟ್ಟಿಗೆ. ಮಾವನಿಗೀಗ ಎಪ್ಪತ್ತು ದಾಟಿದೆ. ಬೆರಳುಗಳು ಮೊದಲಿನಂತೆ ತಿರುಗುವುದಿಲ್ಲ. ಆದರೂ ಸಂಜೆ ಒಂದು ಗಳಿಗೆ ತಂತಿ ಮೀಟದಿದ್ದರೆ ಅವರಿಗೆ ದಿನ ಮುಗಿದಂತಾಗುವುದಿಲ್ಲ. ಆ ಪೆಟ್ಟಿಗೆ ಕಳೆದ ವರ್ಷ ಕೆಟ್ಟಿತು. ಹಚ್ಚಿದ ಹತ್ತು ನಿಮಿಷ ಸರಿಯಾಗಿ ಹಾಡುವುದು. ಆಮೇಲೆ ಕರಕರ ಎನ್ನುವುದು. ಅನಂತರ ಹರಿದ ಬಟ್ಟೆಯಂಥ ದನಿ.

ಪೇಟೆಯ ಅಂಗಡಿಯೊಂದಕ್ಕೆ ಒಯ್ದೆವು. ಅಲ್ಲಿಯವರು ಶಬ್ದ ಕೇಳಿ, ಹಿಂಬದಿಯ ಹಲಗೆಯನ್ನು ತೆಗೆದು ಇಣುಕಿ, “ಟ್ರಾನ್ಸಿಸ್ಟರ್ ಹೋಗಿದೆ. ಈ ನಂಬರು ಈಗ ಸಿಕ್ಕುವುದಿಲ್ಲ. ಹೊಸದು ತೆಗೆದುಕೊಂಡುಬಿಡಿ” ಎಂದರು. ಮನೆಗೆ ಬಂದು ಹೇಳಿದಾಗ ಮಾವ ಕೇಳಿದ್ದು ಒಂದೇ ಪ್ರಶ್ನೆ: “ಮುಟ್ಟಿ ನೋಡಿದರೇನೋ, ಇಲ್ಲ ಹಾಗೇ ಹೇಳಿದರೋ?” ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಟ್ರಾನ್ಸಿಸ್ಟರು ಎಂಬ ಪದ ನಮ್ಮ ಹಳ್ಳಿಗಳಲ್ಲಿ ಬಹುಕಾಲ ರೇಡಿಯೋ ಎಂಬ ಅರ್ಥದಲ್ಲಿಯೇ ಬಳಕೆಯಲ್ಲಿತ್ತು. ಒಳಗಿದ್ದ ಕಿರುಬೆರಳ ಉಗುರಿನಷ್ಟು ವಸ್ತು ಹೊರಗಿನ ಪೆಟ್ಟಿಗೆಗೇ ತನ್ನ ಹೆಸರನ್ನು ಕೊಟ್ಟ ಉದಾಹರಣೆ ಅದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟನ್ 1947ರ ಡಿಸೆಂಬರಿನಲ್ಲಿ ಇದನ್ನು ಮೊದಲು ನಡೆಸಿ ತೋರಿಸಿದರು. ಶಾಕ್ಲಿಯನ್ನೂ ಕೂಡಿಸಿ ಮೂವರಿಗೂ 1956ರ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1962ರಲ್ಲಿಯೇ ಜರ್ಮೇನಿಯಂ ಸಾಧನಗಳ ತಯಾರಿಕೆಗೆ ಕೈಹಾಕಿತ್ತು. ಇದರ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು: ಬೇಸ್ ಎಂಬ ಒಂದು ಕಾಲಿಗೆ ಕೊಟ್ಟ ಅಲ್ಪ ವಿದ್ಯುತ್ತು, ಕಲೆಕ್ಟರ್ ಮತ್ತು ಎಮಿಟರ್ ಎಂಬ ಉಳಿದೆರಡು ಕಾಲುಗಳ ನಡುವೆ ಹರಿಯುವ ಹೆಚ್ಚಿನ ವಿದ್ಯುತ್ತನ್ನು ಆಳುತ್ತದೆ. ತೂಬಿನ ಕೀಲಿಯನ್ನು ಒಂದು ಕೈ ತಿರುಗಿಸಿದರೆ ಕೆರೆಯ ನೀರು ಗದ್ದೆಗೆ ಹರಿಯುವಂತೆ ಇದು. ಗಿಟಾರಿನ ತಂತಿಯ ಕ್ಷೀಣವಾದ ಕಂಪನ ಸಭಾಂಗಣವನ್ನು ತುಂಬುವುದು ಈ ಆಳ್ವಿಕೆಯ ಹಲವು ಮೆಟ್ಟಿಲುಗಳನ್ನು ಹತ್ತಿ.

ಗಿಟಾರಿನ ಲೋಕದಲ್ಲಿ ಮಾತ್ರ ಟ್ರಾನ್ಸಿಸ್ಟರಿಗೆ ಒಂದು ಬಗೆಯ ಮಲತಾಯಿ ಮಮತೆಯೇ ದೊರೆತಿದೆ. ಗಾಜಿನ ವಾಲ್ವುಗಳ ದನಿಯೇ ದನಿಯೆಂದು ನಂಬಿದವರು ಹಲವರು. ಫೆಂಡರ್ ಸಂಸ್ಥೆ 1966ರಲ್ಲಿ ಹೊರತಂದ ಟ್ರಾನ್ಸಿಸ್ಟರಿನ ಆಂಪ್ಲಿಫೈಯರುಗಳು ಒಳ್ಳೆಯ ಹೆಸರು ಗಳಿಸಲಿಲ್ಲ. ಆ ಅಪಖ್ಯಾತಿ ಇಡೀ ಕುಲಕ್ಕೇ ಅಂಟಿಕೊಂಡಿತು. ಆದರೆ 1975ರಲ್ಲಿ ಬಂದ ಜಪಾನಿನ ರೋಲೆಂಡ್ ಜೆಸಿ-120 ತನ್ನ ತಿಳಿಯಾದ ದನಿಯಿಂದಲೇ ಪ್ರಸಿದ್ಧವಾಯಿತು. ಅಮೆರಿಕದ ಬಿ. ಬಿ. ಕಿಂಗ್‌ರಂಥ ದೊಡ್ಡ ವಾದಕರು ಲ್ಯಾಬ್ ಸೀರೀಸಿನ ಎಲ್-5 ಎಂಬ ಟ್ರಾನ್ಸಿಸ್ಟರು ಆಂಪ್ಲಿಫೈಯರನ್ನು ನೆಚ್ಚಿ ನುಡಿಸಿದರು. ಹೀಗಿದ್ದೂ ಹಳೆಯ ವಾಲ್ವಿನ ಪೆಟ್ಟಿಗೆ ಕೆಟ್ಟರೆ ಅದನ್ನು ದೇವರಂತೆ ಹೊತ್ತುಕೊಂಡು ರಿಪೇರಿಗೆ ಓಡುವವರು, ಅಷ್ಟೇ ಹಳೆಯ ಟ್ರಾನ್ಸಿಸ್ಟರಿನ ಪೆಟ್ಟಿಗೆಯನ್ನು ಗುಜರಿಗೆ ಹಾಕಲು ಹಿಂಜರಿಯುವುದಿಲ್ಲ. ಮಾವನ ಪೆಟ್ಟಿಗೆಯ ಮೇಲೆ ತೀರ್ಪು ಅಷ್ಟು ಬೇಗ ಬಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಅಂಗಡಿಯವರು ಮುಟ್ಟಿ ನೋಡಲಿಲ್ಲವೆಂದು ಆಡಿಕೊಂಡ ನಾನು, ಮುಟ್ಟಿ ನೋಡಿಯೂ ಕೆಟ್ಟೆ. ಒಂದು ಮಲ್ಟಿಮೀಟರು, ಸೋಲ್ಡರಿಂಗ್ ಐರನ್ನು, ಒಂದಷ್ಟು ಬೆಸುಗೆಯ ತಂತಿ ಕೊಂಡು ತಂದು ರಜೆಯ ಮೊದಲ ವಾರದಲ್ಲಿಯೇ ಪೆಟ್ಟಿಗೆ ಬಿಚ್ಚಿದೆ. ಮುಂಭಾಗದ ಹಲಗೆಯಲ್ಲಿದ್ದ ಒಂದು ಚಿಕ್ಕ ಟ್ರಾನ್ಸಿಸ್ಟರಿನ ಎರಡು ಕಾಲುಗಳ ನಡುವೆ ಮೀಟರಿನ ಮುಳ್ಳುಗಳನ್ನಿಟ್ಟೆ. ಒಂದು ದಿಕ್ಕಿನಲ್ಲಿ ಮಾತ್ರ ಅಂಕಿ ತೋರಬೇಕಾದ ಕಡೆ ಎರಡು ದಿಕ್ಕಿನಲ್ಲಿಯೂ ತೋರಿತು. “ಸಿಕ್ಕಿತು ಕಳ್ಳ!” ಎಂದು ಅದನ್ನು ಕಿತ್ತೆಸೆದು, ಪೇಟೆಯಲ್ಲಿ ಎಲ್ಲೆಲ್ಲಿಯೂ ಸಿಕ್ಕುವ ಬಿಸಿ547 ಎಂಬ ಟ್ರಾನ್ಸಿಸ್ಟರನ್ನು ಅದೇ ಮೂರು ತೂತುಗಳಲ್ಲಿ ಕೂರಿಸಿ ಬೆಸೆದೆ. ಆಕಾರ ಒಂದೇ, ಗಾತ್ರ ಒಂದೇ, ಒಂದು ಬದಿ ಚಪ್ಪಟೆಯಾದ ಕಪ್ಪು ಮೈಯೂ ಒಂದೇ. ಹಚ್ಚಿದರೆ, ಮೊದಲು ಹತ್ತು ನಿಮಿಷವಾದರೂ ಹಾಡುತ್ತಿದ್ದ ಪೆಟ್ಟಿಗೆ ಈಗ ಸಂಪೂರ್ಣ ಮೌನ ತಾಳಿತು.

ನಮ್ಮ ಕಾಲೇಜಿನಿಂದ ನಿವೃತ್ತರಾದ ಭೌತಶಾಸ್ತ್ರದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ಅವರ ಮುಂದೆ ಹೋಗಿ ನಿಂತೆ. ಅವರು ನನ್ನ ಪ್ರತಾಪವನ್ನೆಲ್ಲ ಕೇಳಿ, “ಕನ್ನಡ ಮೇಷ್ಟ್ರೇ, ಕಾಲಿನ ಕ್ರಮ ನೋಡಿದಿರೇನು?” ಎಂದರು. ಕಾಲಿಗೂ ಒಂದು ಕ್ರಮವಿದೆಯೆಂದು ನನಗೆ ಗೊತ್ತಾದದ್ದೇ ಆಗ.

ಚಪ್ಪಟೆಯ ಬದಿಯನ್ನು ನಮ್ಮ ಕಡೆಗೆ ತಿರುಗಿಸಿ, ಕಾಲುಗಳನ್ನು ಕೆಳಗಿಟ್ಟು ನೋಡಿದರೆ, ಯೂರೋಪಿನ ಪದ್ಧತಿಯ ಬಿಸಿ547ರಲ್ಲಿ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಅಮೆರಿಕದ 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ನಾನು ಕಿತ್ತದ್ದು ಜಪಾನಿನ 2ಎಸ್‌ಸಿ945; ಅದರಲ್ಲಿ ಎಮಿಟರ್, ಕಲೆಕ್ಟರ್, ಬೇಸ್. ಮೊದಲೆರಡು ಒಂದಕ್ಕೊಂದು ಕನ್ನಡಿಯ ಬಿಂಬಗಳು; ತಿರುಗಿಸಿ ಕೂರಿಸಿದರೆ ಹೊಂದಿಕೊಳ್ಳುತ್ತವೆ. ಜಪಾನಿನದರ ಜಾಗದಲ್ಲಿ ಬಿಸಿ547ನ್ನು ಹೇಗೆ ತಿರುಗಿಸಿದರೂ ಹೊಂದದು. ಒಂದರ ನಡುಗಾಲು ಕಲೆಕ್ಟರ್, ಇನ್ನೊಂದರ ನಡುಗಾಲು ಬೇಸ್. ಕಾಲುಗಳನ್ನು ಒಂದಕ್ಕೊಂದು ತಾಗದಂತೆ ಅಡ್ಡ ಬಾಗಿಸಿದರೆ ಮಾತ್ರ ಅದು ಆ ಮನೆಯಲ್ಲಿ ಬಾಳೀತು. ಹೆಸರುಗಳಲ್ಲಿಯೂ ಅವುಗಳ ವಂಶ ಅಡಗಿದೆ. ಯೂರೋಪಿನ ಹೆಸರಿನಲ್ಲಿ ಮೊದಲ ಅಕ್ಷರ ‘ಎ’ ಆದರೆ ಜರ್ಮೇನಿಯಂ, ‘ಬಿ’ ಆದರೆ ಸಿಲಿಕಾನ್. ಎರಡನೆಯ ಅಕ್ಷರ ‘ಸಿ’ ಆದರೆ ಶ್ರವ್ಯಕ್ಕೆ ಒದಗುವ ಸಣ್ಣ ಶಕ್ತಿಯದು, ‘ಡಿ’ ಆದರೆ ದೊಡ್ಡ ಶಕ್ತಿಯದು. ಜಪಾನಿನವರು 2ಎಸ್‌ಎ, 2ಎಸ್‌ಬಿ ಎಂದು ಪಿಎನ್‌ಪಿ ಜಾತಿಯನ್ನೂ, 2ಎಸ್‌ಸಿ, 2ಎಸ್‌ಡಿ ಎಂದು ಎನ್‌ಪಿಎನ್ ಜಾತಿಯನ್ನೂ ಸೂಚಿಸುತ್ತಾರೆ. ಮೈಮೇಲೆ ಅಚ್ಚು ಹಾಕುವಾಗ ಮೊದಲ ‘2ಎಸ್’ ಬಿಟ್ಟು ಬರಿಯ ‘ಸಿ945’ ಎಂದಿರುವುದೂ ಉಂಟು. ಬಹುವ್ರೀಹಿ ಯಾವುದು, ಕರ್ಮಧಾರಯ ಯಾವುದೆಂದು ಬಿಡಿಸಿ ನೋಡದೆ ಸಮಾಸಕ್ಕೆ ಅರ್ಥ ಹೇಳಬಾರದೆಂದು ವರ್ಷವರ್ಷವೂ ಹುಡುಗರಿಗೆ ಎಚ್ಚರಿಸುವ ನಾನು, ಇಲ್ಲಿ ಆಕಾರವನ್ನು ಕಂಡೇ ಅರ್ಥ ಹೇಳಿಬಿಟ್ಟಿದ್ದೆ!

ಇದಕ್ಕಿಂತ ದೊಡ್ಡ ತಪ್ಪೊಂದು ಇನ್ನೂ ಹೊರಬೀಳುವುದಿತ್ತು. ಆ ಹಿರಿಯರು ನಾನು ಕಿತ್ತೆಸೆದ ಹಳೆಯ ಟ್ರಾನ್ಸಿಸ್ಟರನ್ನು ತರಿಸಿ, ಮೇಜಿನ ಮೇಲಿಟ್ಟು, ಮೀಟರನ್ನು ಡಯೋಡಿನ ಗುರುತಿಗೆ ತಿರುಗಿಸಿದರು. ಕೆಂಪು ಮುಳ್ಳು ಬೇಸಿನ ಮೇಲೆ, ಕಪ್ಪು ಮುಳ್ಳು ಎಮಿಟರಿನ ಮೇಲೆ: 0.6 ವೋಲ್ಟಿಗಿಂತ ತುಸು ಹೆಚ್ಚು. ಕಪ್ಪು ಮುಳ್ಳು ಕಲೆಕ್ಟರಿನ ಮೇಲೆ: ಹೆಚ್ಚುಕಡಿಮೆ ಅಷ್ಟೇ, ಕೆಲವು ಮಿಲಿವೋಲ್ಟು ಕಡಿಮೆ. ಎಮಿಟರು ಯಾವುದು, ಕಲೆಕ್ಟರು ಯಾವುದೆಂದು ಗುರುತಿಸಲು ಈ ಕೂದಲೆಳೆಯ ವ್ಯತ್ಯಾಸವೇ ದಾರಿ. ಮುಳ್ಳುಗಳನ್ನು ಅದಲುಬದಲು ಮಾಡಿದರೆ ಏನೂ ಇಲ್ಲ. ಕಲೆಕ್ಟರು-ಎಮಿಟರುಗಳ ನಡುವೆ ಎತ್ತ ಇಟ್ಟರೂ ಏನೂ ಇಲ್ಲ. ಆರೋಗ್ಯವಾದ ಸಿಲಿಕಾನ್ ಟ್ರಾನ್ಸಿಸ್ಟರಿನ ಲಕ್ಷಣ ಇಷ್ಟೆ. ಜರ್ಮೇನಿಯಮ್ಮಿನದಾದರೆ 0.2, 0.3ರ ಹತ್ತಿರ ತೋರುವುದು. ಪಿಎನ್‌ಪಿ ಆದರೆ ಕಪ್ಪು ಮುಳ್ಳು ಬೇಸಿಗೆ ಬರಬೇಕು. ನಾನು ಕಳ್ಳನೆಂದು ಹಿಡಿದದ್ದು ನಿರಪರಾಧಿ! ಹಾಗಾದರೆ ಮೊದಲು ಎರಡು ದಿಕ್ಕಿನಲ್ಲಿಯೂ ಅಂಕಿ ತೋರಿದ್ದೇಕೆ? ಅದು ಹಲಗೆಯಲ್ಲಿ ಕೂತಿದ್ದಾಗ ಪಕ್ಕದ ರೆಸಿಸ್ಟರುಗಳೂ ಅವೇ ಕಾಲುಗಳಿಗೆ ಜೋಡಿಸಿಕೊಂಡಿದ್ದುವು. ಮೀಟರು ತೋರಿಸಿದ್ದು ನೆರೆಯವರ ದಾರಿಯನ್ನು. ಅನುಮಾನ ಬಂದರೆ ಕಾಲನ್ನು ಹಲಗೆಯಿಂದ ಬಿಡಿಸಿ ಮತ್ತೊಮ್ಮೆ ನೋಡಬೇಕು.

ಎಂ.ಎ. ತರಗತಿಯಲ್ಲಿ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವನು ನಾನು. ಓಲೆಯ ಪ್ರತಿಯಲ್ಲಿ ಒಂದು ಪಾಠ ಅರ್ಥವಾಗದಿದ್ದರೆ ಕೂಡಲೆ ಅದನ್ನು ತಿದ್ದಬಾರದು, ಬೇರೆ ಪ್ರತಿಗಳನ್ನು ನೋಡಬೇಕು, ಸಂದರ್ಭವನ್ನು ನೋಡಬೇಕು, ಕೊನೆಗೆ ಬೇರೆ ಗತಿಯಿಲ್ಲದಿದ್ದರೆ ಮಾತ್ರ ಊಹೆಗೆ ಕೈಹಾಕಬೇಕು ಎಂಬ ವಿವೇಕವನ್ನು ನನ್ನ ಅಧ್ಯಾಪಕರು ಕಲಿಸಿದ್ದರು. ಪುಸ್ತಕದ ಮುಂದೆ ಕುಳಿತಾಗ ಇದ್ದ ಆ ವಿವೇಕ, ಕೈಯಲ್ಲಿ ಸೋಲ್ಡರಿಂಗ್ ಐರನ್ನು ಬಂದೊಡನೆ ಎಲ್ಲಿ ಹೋಯಿತು? ಓದಿದ್ದು ಪರೀಕ್ಷೆಯ ಕೊಠಡಿಯಲ್ಲೇ ಉಳಿಯಿತು, ಬೆರಳಿಗೆ ಇಳಿಯಲಿಲ್ಲ ಎನ್ನದೆ ವಿಧಿಯಿಲ್ಲ.

ಎರಡನೆಯ ಸಲ ಕ್ರಮವಾಗಿ ತೊಡಗಿದೆವು. ಪ್ಲಗ್ಗು ಕಿತ್ತು ಪಕ್ಕಕ್ಕಿಟ್ಟೆವು. ದೊಡ್ಡ ಕೆಪಾಸಿಟರುಗಳು ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಅವನ್ನು ಒಂದು ರೆಸಿಸ್ಟರಿನ ಮೂಲಕ ಬರಿದು ಮಾಡಿ, ಬರಿದಾದುದನ್ನು ಮೀಟರಿನಿಂದ ಅಳೆದು ನೋಡಿದೆವು. ಹಳೆಯ ಟ್ರಾನ್ಸಿಸ್ಟರನ್ನು ಅದರ ಸ್ಥಾನಕ್ಕೆ ಮರಳಿಸಿದೆವು. ಬಳಿಕ ಭೂತಗನ್ನಡಿ ಹಿಡಿದು ಹಲಗೆಯ ಹಿಂಬದಿಯ ಬೆಸುಗೆಗಳನ್ನು ಒಂದೊಂದಾಗಿ ನೋಡಿದೆವು. ಈ ಬಗೆಯ ಪೆಟ್ಟಿಗೆಯಲ್ಲಿ ಸ್ಪೀಕರೂ ವಿದ್ಯುನ್ಮಂಡಲವೂ ಒಂದೇ ಗೂಡಿನಲ್ಲಿ ಸಂಸಾರ ಹೂಡಿರುತ್ತವೆ. ನಲವತ್ತು ವರ್ಷ ಅದು ಗುಡುಗಿದಾಗಲೆಲ್ಲ ಇದು ನಡುಗಿದೆ. ಕಾದು ಆರಿ, ಕಾದು ಆರಿ, ಕಾಲಿನ ಸುತ್ತ ಬೆಸುಗೆ ಉಂಗುರದಂತೆ ಬಿರಿಯುತ್ತದೆ. ಕಣ್ಣಿಗೆ ಕೂಡಿದಂತೆ ಕಂಡರೂ ಒಳಗೆ ಸಂಬಂಧ ಕಡಿದಿರುತ್ತದೆ. ಅಂಥವು ಮೂರು ಸಿಕ್ಕಿದುವು. ಹೊಸ ಬೆಸುಗೆ ಹಾಕಿದೆವು. ಆದರೂ ಹತ್ತು ನಿಮಿಷದ ರೋಗ ಹೋಗಲಿಲ್ಲ.

ಕೊನೆಗೆ ಉಳಿದುವು ಹಿಂಬದಿಯ ಲೋಹದ ರೆಕ್ಕೆಗಳ ಮೇಲೆ ಕುಳಿತಿದ್ದ ಎರಡು ದೊಡ್ಡ ಟ್ರಾನ್ಸಿಸ್ಟರುಗಳು. ಅಂಗಡಿಯವರು ಸತ್ತಿವೆಯೆಂದು ಹೇಳಿದ್ದು ಇವನ್ನೇ. ಇಲ್ಲಿ ಇನ್ನೊಂದು ಸೋಜಿಗ. ಇವಕ್ಕೆ ಮೂರು ಕಾಲಿಲ್ಲ, ಎರಡೇ! ಬೇಸು ಒಂದು, ಎಮಿಟರು ಒಂದು. ಮೂರನೆಯ ಕಾಲಾದ ಕಲೆಕ್ಟರು ಆ ಲೋಹದ ಮೈಯೇ. ಆ ಮೈಯಿಂದ ವಿದ್ಯುತ್ತು ಹಲಗೆಗೆ ಸೇರುವ ದಾರಿ ಯಾವುದು? ಅದನ್ನು ಬಿಗಿದಿಟ್ಟಿರುವ ಸ್ಕ್ರೂಗಳೇ. ನಾವು ಬರಿಯ ಆಧಾರವೆಂದು ತಿಳಿಯುವ ಸ್ಕ್ರೂ ಇಲ್ಲಿ ವಾಹಕವೂ ಹೌದು. ಎರಡು ಟ್ರಾನ್ಸಿಸ್ಟರುಗಳನ್ನೂ ಬಿಡಿಸಿ ಅಳೆದರೆ ಎರಡೂ ಗಟ್ಟಿಮುಟ್ಟಾಗಿದ್ದುವು. ಹಾಗೆಯೇ ಕೂರಿಸಿ, ಲೋಹದ ಮೈಗೂ ಹಲಗೆಯ ಕಲೆಕ್ಟರಿನ ದಾರಿಗೂ ನಡುವೆ ಮೀಟರನ್ನಿಟ್ಟರೆ ಒಂದರಲ್ಲಿ ಸೊನ್ನೆ. ಇನ್ನೊಂದರಲ್ಲಿ ಅಂಕಿ ನಿಲ್ಲದೆ ಕುಣಿಯಿತು. ಬಿದಿರುಕಡ್ಡಿಯಿಂದ ತಟ್ಟಿದರೆ ಒಮ್ಮೆ ಸೇರುವುದು, ಒಮ್ಮೆ ಬಿಡುವುದು. ಸ್ಕ್ರೂ ಸಡಿಲವಾಗಿತ್ತು, ಅದರ ಬುಡದಲ್ಲಿ ಕಿಲುಬು ಕಟ್ಟಿತ್ತು. ಪೆಟ್ಟಿಗೆ ಕಾದಾಗ ಲೋಹ ಹಿಗ್ಗಿ ಇದ್ದ ಅಲ್ಪ ಸಂಬಂಧವೂ ತಪ್ಪುತ್ತಿತ್ತು. ದನಿಯ ಅಲೆಯ ಒಂದು ಅರೆಯನ್ನು ಒಂದು ಟ್ರಾನ್ಸಿಸ್ಟರು, ಮತ್ತೊಂದು ಅರೆಯನ್ನು ಇನ್ನೊಂದು ಹೊರುವ ಏರ್ಪಾಟು ಅದು. ಒಂದು ಕೈಬಿಟ್ಟೊಡನೆ ದನಿ ಹರಿಯುತ್ತಿತ್ತು.

ಕಿಲುಬನ್ನು ಉಜ್ಜಿ ತೆಗೆದೆವು. ಲೋಹದ ಮೈಗೂ ರೆಕ್ಕೆಗೂ ನಡುವೆ ಕಾಗೆಬಂಗಾರದ ತೆಳುಹಾಳೆಯೊಂದಿರುತ್ತದೆ. ಅದು ಶಾಖವನ್ನು ದಾಟಿಸಿ ವಿದ್ಯುತ್ತನ್ನು ತಡೆಯುತ್ತದೆ. ಹಳೆಯದು ಬಿರಿದಿತ್ತು, ಹೊಸದನ್ನಿಟ್ಟು ಇಕ್ಕೆಲಕ್ಕೂ ಬಿಳಿಯ ಲೇಪ ಸವರಿದೆವು. ಸ್ಕ್ರೂ ಬಿಗಿದ ಮೇಲೆ ಕಲೆಕ್ಟರಿಗೂ ರೆಕ್ಕೆಗೂ ಸಂಬಂಧ ಇಲ್ಲವೆಂಬುದನ್ನೂ ಅಳೆದು ನೋಡಿದೆವು. ಇರಬೇಕಾದ ಸಂಬಂಧ ಇದೆಯೇ ಎಂದು ನೋಡಿದಷ್ಟೇ ಎಚ್ಚರದಿಂದ ಇರಬಾರದ ಸಂಬಂಧ ಇಲ್ಲವೇ ಎಂದೂ ನೋಡಬೇಕು. ಹಚ್ಚುವಾಗ ಹಳೆಯ ಕಾಲದ 60 ವಾಟಿನ ತಂತಿಬಲ್ಬೊಂದನ್ನು ವಿದ್ಯುತ್ತಿನ ದಾರಿಯಲ್ಲಿ ಸರಣಿಯಾಗಿ ಜೋಡಿಸಿದೆವು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪ್ರಖರವಾಗಿ ಉರಿದು ಪೆಟ್ಟಿಗೆಯನ್ನು ಕಾಪಾಡುತ್ತದೆ. ನಮ್ಮದು ಒಮ್ಮೆ ಮಿಂಚಿ ಮಂಕಾಯಿತು. ಸ್ಪೀಕರನ್ನು ಜೋಡಿಸುವ ಮೊದಲು ಅದರ ತುದಿಗಳಲ್ಲಿ ನೇರವಿದ್ಯುತ್ತು ಇದೆಯೇ ಎಂದು ಅಳೆದೆವು, ಕೆಲವೇ ಮಿಲಿವೋಲ್ಟು. ಭಯವಿಲ್ಲ.

ಖರ್ಚಾದದ್ದು ಒಂದು ಹಾಳೆ ಕಾಗೆಬಂಗಾರ, ಚಿಟಿಕೆಯಷ್ಟು ಲೇಪ, ಮೊಳದಷ್ಟು ಬೆಸುಗೆ. ಬದಲಿಸಿದ ಟ್ರಾನ್ಸಿಸ್ಟರು ಒಂದೂ ಇಲ್ಲ.

ಇಷ್ಟು ಬರೆದ ಮೇಲೆ ನನ್ನ ಅಭಿಪ್ರಾಯವನ್ನು ಬಿಚ್ಚಿ ಹೇಳಬಹುದೆಂದು ತೋರುತ್ತದೆ. ಯಾವುದಾದರೂ ಕೆಟ್ಟಾಗ ನಮಗೆ ಮೊದಲು ಹೊಳೆಯುವುದು ಬಿಡಿಭಾಗ: ಇದು ಹೋಗಿದೆ, ಅದು ಸತ್ತಿದೆ, ಬದಲಿಸು. ಭಾಗ ಭಾಗಗಳ ನಡುವಿನ ಸಂಬಂಧ ಕೆಟ್ಟಿರಬಹುದೆಂಬುದು ಕೊನೆಗೂ ಹೊಳೆಯುವುದಿಲ್ಲ. ಭಾಗಕ್ಕೆ ಹೆಸರುಂಟು, ನಂಬರುಂಟು, ಬೆಲೆಯುಂಟು. ಸಂಬಂಧಕ್ಕೆ ಇವು ಯಾವುವೂ ಇಲ್ಲ. ಅದನ್ನು ಕೈಯಿಂದ ಮುಟ್ಟಿ, ಎರಡು ಕಡೆಯಿಂದಲೂ ಅಳೆದು ಕಂಡುಕೊಳ್ಳಬೇಕು.

“ಅಷ್ಟು ಹೊತ್ತು ಯಾರಿಗಿದೆ?” ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಅಂಗಡಿಯವರ ಮೇಲೆ ನನಗೆ ಈಗ ಸಿಟ್ಟಿಲ್ಲ. ನಾಲ್ಕು ದಿನ ಭೂತಗನ್ನಡಿ ಹಿಡಿದು ಕೂತರೆ ಅವರ ಬಾಡಿಗೆಯನ್ನು ಯಾರು ಕೊಡುತ್ತಾರೆ? ಪರೀಕ್ಷೆಗೆ ಹಣ ಕೊಡಲೊಲ್ಲದ ನಾವು ಬದಲಾವಣೆಗೆ ಮಾತ್ರ ಕೊಡುತ್ತೇವೆ. ಅವರು ಬದಲಾವಣೆಯನ್ನೇ ಮಾರುತ್ತಾರೆ. ಎಲ್ಲವನ್ನೂ ಉಳಿಸಲಾಗುವುದಿಲ್ಲವೆಂಬುದನ್ನೂ ಒಪ್ಪುತ್ತೇನೆ. ಟ್ರಾನ್ಸ್‌ಫಾರ್ಮರು ಸುಟ್ಟರೆ ಲೆಕ್ಕ ಬೇರೆ. 230 ವೋಲ್ಟಿನ ಪೆಟ್ಟಿಗೆಯನ್ನು ತಿಳಿದವರು ಪಕ್ಕದಲ್ಲಿಲ್ಲದೆ ಬಿಚ್ಚಕೂಡದು. ನಾನು ಮೊದಲ ವಾರ ಮಾಡಿದ್ದು ಮೂರ್ಖತನ ಮಾತ್ರವಲ್ಲ, ಅಪಾಯವೂ ಹೌದು. ಆದರೆ ಪರೀಕ್ಷಿಸಿ ಕೈಬಿಡುವುದು ಬೇರೆ, ಪರೀಕ್ಷಿಸದೆ ಕೈಬಿಡುವುದು ಬೇರೆ. ಮೊದಲನೆಯದು ನಿರ್ಣಯ, ಎರಡನೆಯದು ಸೋಮಾರಿತನ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಸೂಚನೆ. ಪ್ರತಿಯೊಂದು ಕಾಲೇಜಿನಲ್ಲಿಯೂ ಒಂದು ಮೇಜು ಇರಲಿ. ಅದರ ಮೇಲೆ ಒಂದು ಮಲ್ಟಿಮೀಟರು, ಒಂದು ಸೋಲ್ಡರಿಂಗ್ ಐರನ್ನು, ಒಂದು ಭೂತಗನ್ನಡಿ, ಊರಿನವರು ಗುಜರಿಗೆ ಹಾಕಲಿದ್ದ ನಾಲ್ಕಾರು ಹಳೆಯ ಪೆಟ್ಟಿಗೆಗಳು, ಪಕ್ಕದಲ್ಲಿ ಬಲ್ಲವರೊಬ್ಬರು. 1970ರ ದಶಕದ ಟ್ರಾನ್ಸಿಸ್ಟರು ಆಂಪ್ಲಿಫೈಯರು ಇದಕ್ಕೆ ಅತ್ಯಂತ ಯೋಗ್ಯವಾದ ಪಠ್ಯ. ಅದರ ಅಂಗಾಂಗಗಳೆಲ್ಲ ಕಣ್ಣಿಗೆ ಕಾಣುತ್ತವೆ, ಬೆರಳಿಗೆ ಸಿಕ್ಕುತ್ತವೆ. ಇಂದಿನ ಉಪಕರಣಗಳಲ್ಲಿ ಅವು ಸಾಸಿವೆ ಕಾಳಿಗಿಂತ ಚಿಕ್ಕವಾಗಿ ಹಲಗೆಗೆ ಅಂಟಿಕೊಂಡಿವೆ. ಆ ಮೇಜು ವಿಜ್ಞಾನದ ವಿದ್ಯಾರ್ಥಿಗಳ ಸೊತ್ತಾಗದಿರಲಿ. ಹಳಗನ್ನಡದ ಪದ್ಯವನ್ನು ಅನ್ವಯಿಸಲು ಕಲಿಯುವ ಹುಡುಗಿ ವಾರಕ್ಕೆ ಒಂದು ಗಂಟೆ ಅಲ್ಲಿ ಕುಳಿತರೆ, ಕರ್ತೃಪದ ಎಲ್ಲಿ, ಕ್ರಿಯಾಪದ ಎಲ್ಲಿ, ಯಾವುದು ಯಾವುದಕ್ಕೆ ಸೇರಿದೆಯೆಂದು ಹುಡುಕುವ ಸಹನೆ ಅವಳಿಗೆ ಇನ್ನಷ್ಟು ಬಂದೀತು. ವಿಜ್ಞಾನದ ಹುಡುಗನಿಗೂ ತಾನು ಮಾಡುತ್ತಿರುವುದು ಒಂದು ಬಗೆಯ ಓದೆಂದು ತಿಳಿದೀತು. ಬಿಸಿ547 ಕೂರಿಸಿ ಪೆಟ್ಟಿಗೆಯನ್ನು ಮೂಕಗೊಳಿಸುವ ಅವಕಾಶವೂ ಅಲ್ಲಿರಲಿ; ಅಂಕಗಳ ಭಯವಿಲ್ಲದೆ ತಪ್ಪು ಮಾಡುವುದಕ್ಕೆ ನಮ್ಮ ಕಾಲೇಜುಗಳಲ್ಲಿ ಬೇರೆ ಸ್ಥಳವೇ ಇಲ್ಲ.

ಪೆಟ್ಟಿಗೆಯನ್ನು ಮಾವನ ಮನೆಗೆ ಹಿಂದಿರುಗಿಸಿದ ದಿನ ಅವರು ಕೂಡಲೆ ನುಡಿಸಲಿಲ್ಲ. ಹಚ್ಚಿಟ್ಟು, ಗಡಿಯಾರ ನೋಡುತ್ತ ಸುಮ್ಮನೆ ಕುಳಿತರು. ಹತ್ತು ನಿಮಿಷ ಕಳೆಯಿತು, ಹದಿನೈದಾಯಿತು. ಆಮೇಲೆ ಗಿಟಾರನ್ನು ತೊಡೆಯ ಮೇಲೆಳೆದುಕೊಂಡು ಒಂದೇ ತಂತಿಯನ್ನು ಮೀಟಿ, ಆ ದನಿ ಪೂರ್ತಿ ಆರುವವರೆಗೂ ಕೇಳಿದರು. “ಏನು ಹೋಗಿತ್ತೋ?” ಎಂದರು. “ಏನೂ ಹೋಗಿರಲಿಲ್ಲ ಮಾವ, ಒಂದು ಸ್ಕ್ರೂ ಸಡಿಲವಾಗಿತ್ತು” ಎಂದೆ. ಅವರು ನಕ್ಕು, ಎರಡನೆಯ ತಂತಿಯ ಶ್ರುತಿ ಸರಿಮಾಡಲು ತೊಡಗಿದರು.